ನಿನ್ನ ಪುಟ್ಟ ರೈಲಿಗೆ ಒಂದು ಊರು

ಮಲ್ಲೇಶ್ವರ, ಬೆಂಗಳೂರು
ಭಾನುವಾರ ಸಂಜೆ

ಪ್ರೀತಿಯ ರಘು,

ನೀನು ಕಳಿಸಿದ ಫೋಟೊಗಳನ್ನು ಬೆಳಗ್ಗೆಯಿಂದ ನಾಲ್ಕೈದು ಸಲ ನೋಡಿದೆ. ಐದಡಿ ಉದ್ದ ಮೂರಡಿ ಅಗಲದ ಪ್ಲೈವುಡ್ಡು, ಮೇಲೆ ಒಂದು ಸುತ್ತು ಹಳಿ, ಒಂದು ಎಂಜಿನ್ನು, ಮೂರು ಬೋಗಿ. ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತ ನಿನ್ನ ಮಗಳು. ತುಂಬಾ ಖುಷಿಯಾಯ್ತು ಕಣೋ. "ಎಲ್ಲಾ ಸರಿಯಾಗಿದೆ, ಆದರೂ ಆಟದ ಸಾಮಾನಿನ ಥರಾನೇ ಕಾಣುತ್ತೆ, ಏನು ಮಾಡಲಿ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಪತ್ರ. ಇದೇ ಕೆಲಸ ಹಿಡಿದಿರುವ ಬೇರೆಯವರಿಗೂ ಆಗಲಿ ಅಂತ ಎಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಹುಲ್ಲು ಅಂತ ಹಾಸಿರುವ ಆ ಹಸಿರು ಚಾಪೆ ತೆಗೆದುಬಿಡು. ಅಂಥ ಹಸಿರು ನಮ್ಮ ಕಡೆ ಯಾವ ಹಳಿ ಪಕ್ಕದಲ್ಲೂ ಇಲ್ಲ. ಆ ಚೂಪು ಮರಗಳನ್ನೂ ತೆಗೆದಿಡು. ಅವನ್ನು ಮಾಡಿದವರು ಅವರ ದೇಶದ ಬೆಟ್ಟ, ಅವರ ಕಾಡು ನೋಡಿಕೊಂಡು ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ನಿನ್ನ ರೈಲು ಓಡಬೇಕಾದದ್ದು ನಮ್ಮ ನೆಲದ ಮೇಲೆ, ಅಲ್ವಾ? ನಾನು ಹೇಳಬೇಕಾದದ್ದು ಇದೊಂದೇ ಮಾತು. ಉಳಿದದ್ದೆಲ್ಲ ಅದನ್ನು ಹೇಗೆ ಮಾಡುವುದು ಅಂತ.

ಸಕಲೇಶಪುರದ ಘಾಟಿ ಮಾಡಬೇಕು ಅಂತ ಬರೆದಿದ್ದೀಯ. ಆಸೆ ನನಗೂ ಇದೆ. ಹಗಲು ಗಾಡಿಯಲ್ಲಿ ಮಂಗಳೂರಿಗೆ ಹೋಗುವಾಗ ಯಡಕುಮರಿ ಹತ್ತಿರ ಬಾಗಿಲಲ್ಲಿ ನಿಂತು ನೋಡಿದ್ದು ಇನ್ನೂ ಕಣ್ಣಲ್ಲಿದೆ. ಆದರೆ ಲೆಕ್ಕ ಹಾಕು. ಅಲ್ಲಿ 57 ಸುರಂಗ, 109 ಸೇತುವೆ, 50 ಅಡಿಗೆ ಒಂದಡಿ ಏರು. ನಿನ್ನ ಐದಡಿ ಹಲಗೆಯಲ್ಲಿ ಆ ಏರು ಮಾಡಿದರೆ ಹಳಿ ಮೇಲೇರುವುದು ಬರೀ 3 ಸೆಂಟಿಮೀಟರ್. ಘಾಟಿ ಕಾಣಲಿ ಅಂತ ಬೆಟ್ಟ ನಿಲ್ಲಿಸಿದರೆ, ರೈಲಿನ ಮೂತಿ ಸುರಂಗದಿಂದ ಹೊರಗೆ ಬಂದಾಗ ಬಾಲ ಇನ್ನೂ ಆ ಕಡೆ ಹೊರಗೇ ಇರುತ್ತೆ. ರೈಲಿಗಿಂತ ಗಿಡ್ಡ ಬೆಟ್ಟವನ್ನು ಕಣ್ಣು ನಂಬುವುದಿಲ್ಲ. ಪುಟ್ಟ ಹಲಗೆಗೆ ಬಯಲುಸೀಮೆಯೇ ಸರಿ. ಒಂದು ಹಾಲ್ಟ್ ಸ್ಟೇಷನ್, ಒಂದು ಗೇಟು, ಒಂದು ಕೆರೆ ಅಂಚು, ಉಳಿದದ್ದು ಖಾಲಿ ನೆಲ. ಆ ಖಾಲಿ ನೆಲವನ್ನು ತುಂಬಿಸಲು ಹೋಗಬೇಡ. ರೈಲು ದೊಡ್ಡದಾಗಿ ಕಾಣುವುದು ಅದರಿಂದಲೇ.

ನಾನು ಇಟ್ಟುಕೊಂಡಿರುವುದು ನಂದಿ ಹಾಲ್ಟ್ ಕಡೆಯ ನೆಲ. ಯಲಹಂಕದಿಂದ ಚಿಕ್ಕಬಳ್ಳಾಪುರ, ಕೋಲಾರ ಸುತ್ತಿ ಬಂಗಾರಪೇಟೆಗೆ ಹೋಗುತ್ತಿದ್ದ ಸಣ್ಣ ಗಾಡಿ ನೆನಪಿದೆಯಾ? ಅದರ ಹಳಿಯ ಅಗಲ 762 ಮಿಲಿಮೀಟರ್, ಎರಡೂವರೆ ಅಡಿ. ನಿನ್ನ ರೈಲಿನ ಎಚ್‌ಓ ಅಳತೆ ಅಂದರೆ ನಿಜದ 87ರಲ್ಲಿ ಒಂದು ಪಾಲು, ಹಾಗಾಗಿ 87ರಿಂದ ಭಾಗಿಸಿದರೆ ಸುಮಾರು 9 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ, ಎಚ್‌ಓಗಿಂತ ಸಣ್ಣ ಅಳತೆಯಾದ ಎನ್ ಸ್ಕೇಲ್‌ನ ಹಳಿ ಅಷ್ಟೇ ಅಗಲ. ಹಾಗಾಗಿ ಆ ಹಳಿ ಹಾಕಿ, ಮನೆ ಮರ ಜನ ಎಲ್ಲವನ್ನೂ ನಿನ್ನ ಥರ ಎಚ್‌ಓ ಅಳತೆಯಲ್ಲಿ ಮಾಡಿದ್ದೇನೆ. ನಿನ್ನ ಎಚ್‌ಓ ಹಳಿ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676, ಅದಕ್ಕೆ 19 ಮಿಲಿಮೀಟರ್ ಮೇಲೆ ಇರಬೇಕಿತ್ತು. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ. ನೆಲ ಸರಿಯಾಗಿದ್ದರೆ ಆ ಎರಡೂಮುಕ್ಕಾಲು ಮಿಲಿಮೀಟರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೋದ ತಿಂಗಳು ಒಂದು ಬೆಳಗ್ಗೆ ಅಲ್ಲಿಗೆ ಹೋಗಿದ್ದೆ. ಈಗ ಅಲ್ಲಿ ದೊಡ್ಡ ಹಳಿ, ಮೇಲೆ ಕರೆಂಟು ತಂತಿ. ಆದರೆ ನೆಲ ಹಳೆಯದೇ. ಒಂದು ಗಂಟೆ ಸುಮ್ನೆ ಕೂತು ನೋಡಿದೆ. ಕಂಡದ್ದನ್ನು ಹೇಳುತ್ತೇನೆ. ಹಳಿಯ ಕಂಬಿಯ ಪಕ್ಕದ ಮೈ ಕೆಂಪಲ್ಲ, ಒಣಗಿದ ಹುಣಸೆಹಣ್ಣಿನ ಬಣ್ಣ. ತಲೆ ಮಾತ್ರ ಫಳಫಳ. ಜಲ್ಲಿ ಬೂದುಬಣ್ಣ, ಆದರೆ ಗಾಡಿ ನಿಲ್ಲುವ ಕಡೆ ಎಣ್ಣೆ ಬಿದ್ದು ಕಪ್ಪು, ಅಂಚಿನಲ್ಲಿ ಮಣ್ಣು ಸೇರಿ ಕೆಂಪು. ಜಲ್ಲಿ ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಲು ಆಗಲಿಲ್ಲ. ಅಲ್ಲೇ ಒಂದು ಸುಣ್ಣ ಬಳಿದ ಗೋಡೆ. ಅದರ ಬುಡದಲ್ಲಿ ಒಂದಡಿ ಎತ್ತರಕ್ಕೆ ಮಳೆ ಎರಚಿದ ಕೆಂಪು ಮಣ್ಣಿನ ಕಲೆ. ಕೆಳಗೆ ದಟ್ಟ, ಮೇಲೆ ಹೋಗುತ್ತಾ ಚುಕ್ಕಿ ಚುಕ್ಕಿ. ನಮ್ಮ ಕಡೆಯ ಎಲ್ಲ ಗೋಡೆಗೂ ಇದೆ, ನಾನು ಅವತ್ತೇ ಸರಿಯಾಗಿ ನೋಡಿದ್ದು. ಮನೆಗೆ ಬಂದು ನನ್ನ ಪುಟ್ಟ ಸ್ಟೇಷನ್ನಿನ ಗೋಡೆಗೆ ಮೂರೂವರೆ ಮಿಲಿಮೀಟರ್ ಎತ್ತರಕ್ಕೆ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಕೆಂಪು ಎರಚಿದೆ. ಅಲ್ಲಿಯವರೆಗೆ ನೆಲದ ಮೇಲೆ ಇಟ್ಟ ಹಾಗಿದ್ದ ರಟ್ಟಿನ ಕಟ್ಟಡ, ಅಲ್ಲೇ ಕಟ್ಟಿದ ಹಾಗಾಯಿತು.

ಇನ್ನು ಮಣ್ಣು. ಬಣ್ಣ ಹಚ್ಚಿದ ಮರದ ಪುಡಿ ಬೇಡ, ನಿಜವಾದ ಮಣ್ಣೇ ಹಾಕು. ಒಣಗಿಸಿ, ಕುಟ್ಟಿ, ಮೊದಲು ಹಿಟ್ಟಿನ ಜರಡಿ, ಆಮೇಲೆ ತೆಳು ಬಟ್ಟೆ. ಹಳೇ ಬಾಣಲೆಯಲ್ಲಿ ಹತ್ತು ನಿಮಿಷ ಹುರಿ, ಹುಳ, ಬೀಜ ಎಲ್ಲ ಹೋಗುತ್ತೆ. ಆಮೇಲೆ ಮರೆಯದೆ ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಮಣ್ಣಿನೊಳಗೆ ನಾಲ್ಕು ಸಲ ಆಡಿಸು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕಣ ಇರುತ್ತೆ, ಕಪ್ಪಗೆ ಮೀಸೆ ಥರ ಅಂಟಿಕೊಂಡು ಬರುತ್ತೆ. ಅದು ಉಳಿದರೆ ಎಂಜಿನ್ನಿನ ಮೋಟಾರಿನ ಅಯಸ್ಕಾಂತ ಎಳೆದುಕೊಂಡು ಮೋಟಾರು ಹಾಳು. ಇನ್ನೊಂದು ವಿಷಯ: ಅಂಟು ಕುಡಿದ ಮಣ್ಣು ಒಣಗಿದ ಮೇಲೂ ಸ್ವಲ್ಪ ಗಾಢವಾಗಿಯೇ ಉಳಿಯುತ್ತೆ. ಅದಕ್ಕೆ ನಿನಗೆ ಬೇಕಾದ್ದಕ್ಕಿಂತ ತಿಳಿ ಬಣ್ಣದ ಮಣ್ಣು ತಗೋ. ಅಂಟು ಆರುವ ಮೊದಲು ಮೇಲೆ ಒಂದು ಚಿಟಿಕೆ ಒಣ ದೂಳು ಉದುರಿಸು.

ಇಲ್ಲಿ ಅಮ್ಮನ ದಸರಾ ಗೊಂಬೆ ನೆನಪಾಗುತ್ತೆ. ಗೊಂಬೆ ಮೆಟ್ಟಿಲಿನ ಕೆಳಗೆ ಪಾರ್ಕು ಮಾಡುತ್ತಿದ್ದರಲ್ಲ, ನೀನೂ ಮಣ್ಣು ಹೊತ್ತು ತಂದಿದ್ದೀಯ. ತಟ್ಟೆಯಲ್ಲಿ ರಾಗಿ ಚೆಲ್ಲಿ ಬೆಳೆಸಿದ ಪೈರು, ಕನ್ನಡಿಯ ಕೊಳ, ಬಟ್ಟೆ ಹೊದಿಸಿದ ಬೆಟ್ಟ. ಈ ಕೆಲಸದ ಮೊದಲ ಪಾಠ ನನಗೆ ಆಗಿದ್ದು ಅಲ್ಲೇ. ಆದರೆ ಆ ಪೈರನ್ನು ಈಗ ಹಾಕಲು ಆಗಲ್ಲ. ಎರಡು ಇಂಚಿನ ಪೈರು ಎಚ್‌ಓ ಅಳತೆಯಲ್ಲಿ 14 ಅಡಿಗೂ ಮೇಲಾಗುತ್ತೆ, ಆನೆ ಮುಳುಗಿಹೋಗುವಷ್ಟು. ಮನುಷ್ಯ ಇಲ್ಲಿ 19 ಮಿಲಿಮೀಟರ್. ಅವನ ಮಂಡಿಯ ತನಕದ ಹುಲ್ಲು 5 ಮಿಲಿಮೀಟರ್. ಏನೇ ಇಡುವ ಮೊದಲು ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ ನೋಡು.

ಮರದ ವಿಷಯದಲ್ಲಿ ತಪ್ಪು ಉಲ್ಟಾ ಆಗುತ್ತೆ. ಎಲ್ಲರೂ ಮರವನ್ನು ಗಿಡ್ಡ ಮಾಡುತ್ತಾರೆ. ಅರವತ್ತು ಅಡಿ ತೆಂಗಿನ ಮರ ಎಚ್‌ಓದಲ್ಲಿ 21 ಸೆಂಟಿಮೀಟರ್. ನಮ್ಮ ಹಳೇ ನೀಲಿ ಬೋಗಿಯ ಉದ್ದ 24 ಸೆಂಟಿಮೀಟರ್ ಚಿಲ್ಲರೆ. ಅಂದರೆ ತೆಂಗಿನ ಮರವನ್ನು ಮಲಗಿಸಿದರೆ ಹೆಚ್ಚುಕಡಿಮೆ ಒಂದು ಬೋಗಿಯಷ್ಟಾಗಬೇಕು. ನಿನ್ನ ಫೋಟೊದ ಮರಗಳು ಕಿಟಕಿಯ ಮೇಲಂಚನ್ನೂ ದಾಟಿಲ್ಲ. ಹಲಗೆಯ ತುಂಬ ಇಪ್ಪತ್ತು ಗಿಡ್ಡ ಮರ ಇಡುವುದಕ್ಕಿಂತ ಸ್ಟೇಷನ್ ಪಕ್ಕ ಒಂದೇ ಒಂದು ದೊಡ್ಡ ಹೊಂಗೆ ಮರ ಇಡು. ಹಳೇ ಕರೆಂಟು ವೈರಿನ ತಾಮ್ರದ ಎಳೆಗಳನ್ನು ಹುರಿ ಮಾಡಿ ಕೊಂಬೆ ಬಿಡಿಸು. ಫೆವಿಕಾಲ್‌ಗೆ ಪ್ಲಾಸ್ಟರ್ ಪುಡಿ ಕಲಸಿ ಎರಡು ಸಲ ಬಳಿ. ಕಾಂಡಕ್ಕೆ ಕಂದು ಬಣ್ಣ ಬೇಡ, ನಮ್ಮ ಮರಗಳ ಕಾಂಡ ಬೂದಿ. ಎಲೆಗೆ ಸ್ಪಂಜನ್ನು ನೀರಿನ ಜೊತೆ ಮಿಕ್ಸಿಗೆ ಹಾಕಿ ಪುಡಿ ಮಾಡಿ, ಬಣ್ಣ ಹಾಕಿ ಒಣಗಿಸು (ಅಡುಗೆಯ ಜಾರ್ ಬೇಡ, ಬೇರೆ ಜಾರ್ ಇಟ್ಟುಕೋ). ಹಸಿರನ್ನು ಬಾಟಲಿಯಿಂದ ನೇರವಾಗಿ ತೆಗೆಯಬೇಡ. ಹಳದಿಗೆ ಚೂರು ಕಪ್ಪು ಬೆರೆಸು. ನಮ್ಮ ಎಲೆಯ ಹಸಿರು ಹಾಗೇ ಹುಟ್ಟುತ್ತೆ, ನೋಡಿದರೆ ನೀನೇ ಬೆರಗಾಗುತ್ತೀಯ. ಒಂದೊಂದು ಎಲೆ ಕಾಣಬೇಕು ಅಂತ ಒದ್ದಾಡಬೇಡ. ಎರಡು ಅಡಿ ದೂರದಿಂದ ನೀನು ನೋಡುವುದು, ನಿಜದಲ್ಲಿ 174 ಅಡಿ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಿಂದ ಮರದಲ್ಲಿ ಎಲೆ ಕಾಣಲ್ಲ, ನೆರಳು ಕಾಣುತ್ತೆ.

ಹುಲ್ಲಿಗೆ ನಾನು ಬಳಸುವುದು ಸೊಳ್ಳೆ ಬ್ಯಾಟ್. ಬ್ಯಾಟಿನ ಒಂದು ತಂತಿ ಟೀ ಜರಡಿಗೆ, ಇನ್ನೊಂದು ತಂತಿ ಹಸಿ ಅಂಟಿನಲ್ಲಿ ನೆಟ್ಟ ಮೊಳೆಗೆ. ಜರಡಿಯಲ್ಲಿ ನೈಲಾನ್ ಎಳೆಯ ಪುಡಿ ಹಾಕಿ ಗುಂಡಿ ಒತ್ತಿ ಅಲ್ಲಾಡಿಸಿದರೆ, ಬೀಳುವ ಎಳೆಗಳು ಒಂದೊಂದೂ ನೆಟ್ಟಗೆ ನಿಲ್ಲುತ್ತವೆ. ಬಿಸಿಲಿಗೆ ಒಣಗಿದ ಹುಲ್ಲಿನ ಬಣ್ಣವನ್ನೇ ಜಾಸ್ತಿ ಹಾಕು, ಹಸಿರು ಚರಂಡಿ ಪಕ್ಕ ಮಾತ್ರ. ಬ್ಯಾಟಿನ ಕರೆಂಟು ಜೋರಾಗಿ ಹೊಡೆಯುತ್ತೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತೆ. ಮಗಳ ಕೈಗೆ ಖಂಡಿತ ಕೊಡಬೇಡ. ತಂತಿ ಜೋಡಿಸುವ ಕೆಲಸ ಬರುವವರ ಹತ್ತಿರ ಮಾಡಿಸು.

ಜಲ್ಲಿಗೆ ತಾಳ್ಮೆ ಬೇಕು. ಮೊದಲು ಹಳಿಯ ಪಕ್ಕಗಳಿಗೆ ಆ ಹುಣಸೆಹಣ್ಣಿನ ಬಣ್ಣ ಹಚ್ಚಿ, ತಲೆಯನ್ನು ಬಟ್ಟೆಯಿಂದ ಒರೆಸು. ನಿಜವಾದ ಜಲ್ಲಿ 5 ಸೆಂಟಿಮೀಟರ್ ಇದ್ದರೆ ನಿನ್ನದು ಅರ್ಧ ಮಿಲಿಮೀಟರ್ ಇರಬೇಕು. ಎಂ-ಸ್ಯಾಂಡನ್ನು ಟೀ ಜರಡಿಯಲ್ಲಿ ಆಡಿಸಿದರೆ ಸಿಗುತ್ತೆ. ರವೆ ಹಾಕು ಅಂತ ಯಾರೋ ಹೇಳಿಯಾರು, ಬೇಡ, ಹುಳ ಬೀಳುತ್ತೆ. ಒಣದಾಗಿಯೇ ಸುರಿದು, ಬೆರಳಿನಿಂದ ಹಳಿ ತಟ್ಟಿ, ಸ್ಲೀಪರ್ ಮೇಲೆ ಕೂತ ಕಾಳುಗಳನ್ನು ಬ್ರಷ್ಷಿನಲ್ಲಿ ಇಳಿಸು. ಆಮೇಲೆ ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಪಾತ್ರೆ ತೊಳೆಯುವ ಸೋಪು ಒಂದು ಹನಿ. ಆ ಸೋಪಿಲ್ಲದಿದ್ದರೆ ಅಂಟು ಮುತ್ತಿನ ಹಾಗೆ ಮೇಲೆಯೇ ಉರುಳಿ, ಜಲ್ಲಿಯನ್ನೂ ಎಳೆದುಕೊಂಡು ಹೋಗುತ್ತೆ. ಇಂಕ್ ಫಿಲ್ಲರಿನಿಂದ ಹನಿ ಹನಿಯಾಗಿ ಬಿಡು. ಹಳಿ ಕವಲೊಡೆಯುವ ಕಡೆ ಚಲಿಸುವ ಭಾಗಕ್ಕೆ ಒಂದು ಹನಿಯೂ ತಾಗಬಾರದು. ನಮ್ಮಲ್ಲಿ ಮಳೆಗಾಲದಲ್ಲಿ ಇದು ಆರಲು ಎರಡು ದಿನ ಬೇಕು. ಅಷ್ಟರಲ್ಲಿ ಮುಟ್ಟಿ ನೋಡುವ ಆಸೆ ತಡೆದುಕೋ.

ನನ್ನದೊಂದು ನಷ್ಟ ಹೇಳಿಬಿಡುತ್ತೇನೆ, ನಿನಗೆ ಹಾಗಾಗುವುದು ಬೇಡ. ಬಂಡೆಗಳನ್ನು ಥರ್ಮಾಕೋಲಿನಲ್ಲಿ ಕೆತ್ತಿದ್ದೆ. ಲಾಲ್‌ಬಾಗಿನ ಬಂಡೆ ಇದೆಯಲ್ಲ, 300 ಕೋಟಿ ವರ್ಷದ್ದು, ಅದರ ಹಾಗೆ ಬೋರಲು ಹಾಕಿದ ಕಡಾಯಿ ಥರದ ನುಣುಪು ಬಂಡೆ. ಮೂರು ಸಂಜೆಯ ಕೆಲಸ. ಬೂದು ಬಣ್ಣ ಬೇಗ ಮುಗಿಯಲಿ ಅಂತ ಸ್ಪ್ರೇ ಡಬ್ಬಿ ತಗೊಂಡೆ. ನೋಡುನೋಡುತ್ತಿದ್ದ ಹಾಗೇ ಬಂಡೆ ಕರಗಿ ಗುಳಿ ಬಿತ್ತು. ಆ ಬಣ್ಣದೊಳಗಿನ ದ್ರಾವಕ ಥರ್ಮಾಕೋಲನ್ನು ತಿಂದುಬಿಡುತ್ತೆ. ಅವತ್ತು ತುಂಬಾ ಬೇಜಾರಾಯ್ತು. ಈಗ ಥರ್ಮಾಕೋಲಿನ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ ಹೊದಿಸಿ, ನೀರಿನಲ್ಲಿ ಕಲಸುವ ಬಣ್ಣ ಮಾತ್ರ ಹಚ್ಚುತ್ತೇನೆ. ಮಳೆನೀರು ಇಳಿದ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆ ಎಳೆಯುವುದನ್ನು ಮರೆಯಬೇಡ. ನಮ್ಮ ಬಂಡೆಯ ಗುರುತೇ ಅದು.

ಕೆರೆಗೆ ನೀಲಿ ಬೇಡ. ತಳಕ್ಕೆ ಕಂದು ಮತ್ತು ಪಾಚಿ ಹಸಿರು, ನಡುವೆ ಗಾಢ, ಅಂಚಿಗೆ ಮಣ್ಣಿನ ಬಣ್ಣ. ಮೇಲೆ ಹೊಳೆಯುವ ವಾರ್ನಿಷ್ ತೆಳುವಾಗಿ ಐದಾರು ಸಲ. ಹಿಂದಿನ ಹಲಗೆಯಲ್ಲಿ ದೂರದ ಬೆಟ್ಟ ಬರೆ. ದೂರ ಹೋದಷ್ಟೂ ಬಣ್ಣಕ್ಕೆ ಬಿಳಿ ಮತ್ತು ಚೂರು ನೀಲಿ ಸೇರಿಸುತ್ತಾ ಹೋಗು. ಘಾಟಿಯ ಆಸೆ ಅಲ್ಲಿ ತೀರಿಸಿಕೋ. ದೀಪಕ್ಕೆ ಬೇಕಾದ ಸಣ್ಣ ಎಲ್‌ಇಡಿಗಳನ್ನು ನಾನೇ ಎಸ್‌ಪಿ ರೋಡಿನಿಂದ ತಂದು ಕಳಿಸುತ್ತೇನೆ, ಹಳದಿ ಬೆಳಕಿನದು. ಮೈಸೂರಿನ ರೈಲು ಮ್ಯೂಸಿಯಂ ನಿನಗೆ ಹತ್ತಿರವೇ ಇದೆ. ಮಗಳನ್ನು ಕರೆದುಕೊಂಡು ಹೋಗಿ ಹಳೇ ಬೋಗಿಗಳಲ್ಲಿ ದೂಳು ಎಲ್ಲಿ ಕೂರುತ್ತೆ, ತುಕ್ಕು ಎಲ್ಲಿಂದ ಶುರುವಾಗುತ್ತೆ ನೋಡಿಕೊಂಡು ಬಾ.

ಹಲಗೆಯನ್ನು ನೆಲದಿಂದ ಎತ್ತಿ, ನೀನು ಕುರ್ಚಿಯಲ್ಲಿ ಕೂತರೆ ಕಣ್ಣಿಗೆ ಸರಿಯಾಗಿ ಬರುವ ಎತ್ತರಕ್ಕೆ ಇಡು. ಹೋದ ವಾರ ಅಮ್ಮ ನನ್ನ ಕೋಣೆಗೆ ಬಂದು ಹಾಗೇ ಕೂತಿದ್ದರು. ಮಂಡಿ ನೋವಿನಿಂದ ಮೂರು ವರ್ಷ ಆಯ್ತು, ಗೊಂಬೆ ಕೂರಿಸಿಲ್ಲ. ತುಂಬಾ ಹೊತ್ತು ನೋಡಿ, "ಇಲ್ಲಿ ಗೇಟ್ ಹತ್ತಿರ ಕಡ್ಲೆಕಾಯಿ ಮಾರೋಳು ಕೂರ್ತಿದ್ಲು" ಅಂದರು. ಈಗ ಅದನ್ನೇ ಮಾಡುತ್ತಿದ್ದೇನೆ. ಕೂತವಳ ಎತ್ತರ ಒಂದು ಸೆಂಟಿಮೀಟರ್, ಬುಟ್ಟಿ ಇನ್ನೂ ಸರಿಹೋಗಿಲ್ಲ.

ನಿನಗೆ ಎರಡು ಡಬ್ಬಿ ಮಣ್ಣು ಕಳಿಸುತ್ತಿದ್ದೇನೆ. ಜರಡಿ ಹಿಡಿದು, ಹುರಿದು, ಅಯಸ್ಕಾಂತ ಆಡಿಸಿದ್ದು. ಬಿಳಿ ಮುಚ್ಚಳದ್ದು ನೆಲಕ್ಕೆ, ಕೆಂಪು ಮುಚ್ಚಳದ್ದು ಮೇಲೆ ಉದುರಿಸಲು. ಮೊದಲು ಒಂದು ರಟ್ಟಿನ ಚೂರಿನ ಮೇಲೆ ಅಂಟಿಸಿ, ಒಣಗಿದ ಮೇಲೆ ಬೆಳಗಿನ ಬೆಳಕಿನಲ್ಲಿ ಫೋಟೊ ತೆಗೆದು ಕಳಿಸು.

ಮಗಳಿಗೆ ಮುದ್ದು, ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ,
ಸುರೇಶ