‘ಮಹಾಸ್ಫೋಟ’ ಎನ್ನುವ ಮೊದಲು ಎಷ್ಟು ಸೆಕೆಂಡ್ ಎಂದು ಹೇಳಿ

ಮಾನ್ಯ ಸಂಪಾದಕರೇ,

ಸಂಗಾತಿ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುವ ನ್ಯೂಟ್ರಾನ್ ನಕ್ಷತ್ರದಿಂದ (ಸತ್ತ ನಕ್ಷತ್ರದ ಅತಿ ಸಾಂದ್ರ ತಿರುಳು) ಕ್ಷ-ಕಿರಣ ತುಸು ಹೆಚ್ಚು ಬಂದರೆ ಸಾಕು, ತಲೆಬರಹದಲ್ಲಿ ‘ಮಹಾಸ್ಫೋಟ’ ಬಂದುಬಿಡುತ್ತದೆ. ಆ ಏರಿಕೆ ಎಷ್ಟು ಹೊತ್ತಿನದು ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ಕಾರಣ ಗೊತ್ತಾಗುವುದೇ ಅದರಿಂದ.

ವಾರಗಟ್ಟಲೆ ಬೆಳಗಿ ಮಂಕಾದರೆ ಅದು ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆಯ ಕೆಲಸ. ಕೂಡಿಟ್ಟ ಅನಿಲ ಬಿಸಿಯೇರಿ ಅಯಾನೀಕರಣಗೊಂಡಾಗ (ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿದಾಗ) ರಭಸದಿಂದ ಒಳಗೆ ಹರಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಏರಿ ಹತ್ತಾರು ಸೆಕೆಂಡಿನಲ್ಲಿ ಇಳಿದರೆ, ಬಹುಪಾಲು ಅದು ಮೇಲ್ಮೈಯಲ್ಲಿ ಶೇಖರವಾದ ಹೈಡ್ರೋಜನ್, ಹೀಲಿಯಂ ಪರಮಾಣು ಸಮ್ಮಿಲನದಿಂದ ಒಮ್ಮೆಲೇ ಉರಿದ ಪರಿಣಾಮ. 1975ರಲ್ಲಿ ಪತ್ತೆಯಾದ ಸಿಡಿತ ಇದೇ. ಬೀಳುವ ಪ್ರತಿ ಪ್ರೋಟಾನ್ ಗುರುತ್ವದಿಂದ ಸುಮಾರು 200 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆ ಮಾಡಿದರೆ, ಉರಿಯುವಾಗ ಸಿಗುವುದು ಹತ್ತಕ್ಕಿಂತ ಕಡಿಮೆ. ಆದರೂ ಸಿಡಿತ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಗಂಟೆಗಟ್ಟಲೆ ಬಿದ್ದದ್ದು ಕೆಲವೇ ಸೆಕೆಂಡಿನಲ್ಲಿ ಉರಿದುಹೋಗುತ್ತದೆ. ಇಳಿಯುವಾಗ ಹೆಚ್ಚು ಶಕ್ತಿಯ ಕಿರಣಗಳು ಮೊದಲು ಆರುತ್ತವೆ, ಅಂದರೆ ಮೇಲ್ಮೈ ತಣಿಯುತ್ತಿದೆ. ‘ರ‍್ಯಾಪಿಡ್ ಬರ್ಸ್ಟರ್’ ಎಂಬ ನ್ಯೂಟ್ರಾನ್ ನಕ್ಷತ್ರದ ಸರಣಿ ಸಿಡಿತಗಳಲ್ಲಿ ಈ ತಣಿಯುವಿಕೆ ಅಷ್ಟಾಗಿ ಕಾಣದು, ಅಲ್ಲಿ ಅನಿಲವೇ ತಡೆತಡೆದು ಬೀಳುತ್ತದೆ.

ಇನ್ನು ಮಿಡಿತ. 1998ರಲ್ಲಿ ಎಸ್‌ಎಎಕ್ಸ್ ಜೆ1808.4-3658 ಎಂಬ ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ 401 ಬಾರಿ ತಿರುಗುವುದು ಗೊತ್ತಾಯಿತು. ಒಂದು ಸುತ್ತಿಗೆ 2.5 ಮಿಲಿಸೆಕೆಂಡ್. ದತ್ತಾಂಶವನ್ನು ಒಂದೊಂದು ಸೆಕೆಂಡಿನ ತುಂಡು ಮಾಡಿದರೆ ಈ ಮಿಡಿತ ಅಳಿಸಿಹೋಗುತ್ತದೆ; ತುಂಡು 1.25 ಮಿಲಿಸೆಕೆಂಡಿಗಿಂತ ಚಿಕ್ಕದಿರಲೇಬೇಕು, ಕಾಲು ಮಿಲಿಸೆಕೆಂಡ್ ಆದರೆ ಒಳ್ಳೆಯದು. ಫೋಟಾನ್ (ಕಿರಣದ ಕಣ) ತಲುಪಿದ ವೇಳೆಯನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಸರಿಹೊಂದಿಸಬೇಕು, ಇಲ್ಲವಾದರೆ ಭೂಮಿಯ ಚಲನೆಯಿಂದ ವರ್ಷದಲ್ಲಿ 500 ಸೆಕೆಂಡಿನವರೆಗೆ ಹಿಂದುಮುಂದಾಗುತ್ತದೆ. ಆಮೇಲೆ ಜೋಡಿಯ ಎರಡು ಗಂಟೆಯ ಪರಿಭ್ರಮಣೆಯನ್ನೂ ತೆಗೆಯಬೇಕು. ಬಿಟ್ಟರೆ ಡಾಪ್ಲರ್ ಪರಿಣಾಮದಿಂದ, ಅಂದರೆ ನಕ್ಷತ್ರದ ಚಲನೆಗೆ ತಕ್ಕಂತೆ ಆವರ್ತನ ಬದಲಾಗುವುದರಿಂದ, ಆವರ್ತನದ ನಕ್ಷೆಯಲ್ಲಿ ಮಿಡಿತದ ಚೂಪಾದ ಶಿಖರ ಹರಡಿ ಗದ್ದಲದಲ್ಲಿ (ಎಣಿಕೆಯ ಯಾದೃಚ್ಛಿಕ ಏರಿಳಿತದಲ್ಲಿ) ಮುಳುಗುತ್ತದೆ.

ಸ್ಕಾರ್ಪಿಯಸ್ ಎಕ್ಸ್-1ನಷ್ಟು ಪ್ರಖರವಾದ ಕ್ಷ-ಕಿರಣ ಮೂಲದಲ್ಲಿ ತೊಂದರೆ ಬೇರೆ. ಪತ್ತೆಕಾರಕ ಒಂದು ಫೋಟಾನ್ ಎಣಿಸಿದ ಮೇಲೆ ಕೆಲವು ಮೈಕ್ರೊಸೆಕೆಂಡ್ ಕುರುಡಾಗಿರುತ್ತದೆ. ಹೀಗಾಗಿ ಗದ್ದಲದ ಮಟ್ಟ ಲೆಕ್ಕಕ್ಕಿಂತ ಕೆಳಗಿಳಿಯುತ್ತದೆ, ಸಮತಟ್ಟಾಗಿಯೂ ಉಳಿಯುವುದಿಲ್ಲ. 1996ರಿಂದ ತಿಳಿದಿರುವ ಸಾವಿರ ಹರ್ಟ್ಸ್ ಆಸುಪಾಸಿನ ಕಂಪನಗಳ ಬಲವನ್ನು ತಪ್ಪಾಗಿ ಅಳೆಯುವುದು ಇಲ್ಲಿಯೇ.

ಮುಂದೆ ಇಂಥ ಸುದ್ದಿ ಬಂದಾಗ ಏರಿಕೆಯ ಅವಧಿಯನ್ನೂ ಅಳೆದ ಕ್ಷ-ಕಿರಣಗಳ ಶಕ್ತಿವ್ಯಾಪ್ತಿಯನ್ನೂ ದಯವಿಟ್ಟು ಮುದ್ರಿಸಿ. ಮೊದಲ ಸಾಲಿನಲ್ಲಿ ಎರಡು ಅಂಕಿಗಳಿಗೆ ಜಾಗ ಸಾಕು.

– ವಿಜ್ಞಾನ ಪುಟದ ಓದುಗರು