ಸಾಲ ಸಂಘಕ್ಕೆ, ಸಹಿ ಮಾತ್ರ ಗಂಡಂದಿರದ್ದಾ?

ಮಾನ್ಯರೇ,

ಮಂಗಳವಾರದ ಪತ್ರಿಕೆಯಲ್ಲಿ ನಮ್ಮ ತಾಲ್ಲೂಕಿನ ಸಾಲಮೇಳದ ಸುದ್ದಿ ಬಂದಿದೆ. ಫೋಟೊದಲ್ಲಿ ದೊಡ್ಡ ಚೆಕ್ ಹಿಡಿದು ನಿಂತವರಲ್ಲಿ ಎಡದಿಂದ ಮೂರನೆಯವಳು ನಾನೇ. ಆ ರಟ್ಟಿನ ಚೆಕ್ಕನ್ನು ಫೋಟೊ ಆದ ತಕ್ಷಣ ವಾಪಸ್ ಇಸಕೊಂಡರು. ನಿಜವಾದ ಸಾಲಕ್ಕೆ ಗುರುವಾರ ಬ್ಯಾಂಕಿಗೆ ಹೋಗಿದ್ದೆವು. ಅಲ್ಲಿ ಆದದ್ದನ್ನೂ ನೀವು ಹಾಕಬೇಕು.

ನಮ್ಮದು ಹನ್ನೆರಡು ಹೆಂಗಸರ ಸ್ವಸಹಾಯ ಸಂಘ. ಆರು ವರ್ಷದಿಂದ ವಾರ ವಾರ ಉಳಿತಾಯ ಕಟ್ಟಿದ್ದೇವೆ. ಹಿಂದಿನ ಸಾಲವನ್ನು ಒಂದು ಕಂತೂ ತಪ್ಪದೆ ತೀರಿಸಿದ್ದೇವೆ. ಈ ಸಲ ಕೇಳಿದ್ದು 3 ಲಕ್ಷ. ಗುರುವಾರದ್ದು ಐದನೇ ಓಡಾಟ. ಡೈರಿಗೆ ಹಾಲು ಹಾಕಿ, ಕೂಲಿ ಬಿಟ್ಟು ನಾಲ್ಕು ಜನ ಹೊರಟೆವು. ಹೆಂಗಸರಿಗೆ ಬಸ್ಸು ಉಚಿತ, ನಿಜ. ಆ ದಿನದ ಕೂಲಿ ಯಾರು ಕೊಡುತ್ತಾರೆ? ಹತ್ತೂವರೆಗೆ ಹೋದವರನ್ನು ಸರ್ವರ್ ಇಲ್ಲ, ಊಟದ ಹೊತ್ತು ಅಂತ ಮೂರು ಗಂಟೆವರೆಗೆ ಕೂರಿಸಿದರು. ಕೂರಿಸಿದರು ಅನ್ನುವುದೂ ತಪ್ಪು, ಇದ್ದದ್ದು ಎರಡೇ ಕುರ್ಚಿ.

ನಮ್ಮ ಪುಸ್ತಕ ಬರೆಯುವ ಹುಡುಗಿ ನಡಾವಳಿ ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿ, ಮಗುವಿನ ಹಾಗೆ ಕಾಪಾಡಿಕೊಂಡು ಬಂದಿದ್ದಾಳೆ. ಸಾಲದ ಅಧಿಕಾರಿ ಅದನ್ನು ತೆರೆದೇ ನೋಡಲಿಲ್ಲ. ಅದರ ಮೇಲೆ ಟೀ ಲೋಟ ಇಟ್ಟುಕೊಂಡು ಮಾತಾಡಿದರು. ಈಗ ಅದರ ಮೇಲೆ ದುಂಡಗೆ ಕಲೆ ಬಿದ್ದಿದೆ. ಅವಳು ದಾರಿಯುದ್ದಕ್ಕೂ ಸೆರಗಿನಲ್ಲಿ ಒರೆಸುತ್ತಲೇ ಇದ್ದಳು.

ಅವರು ಹೇಳಿದ್ದು ಮೂರು ಮಾತು. ಉಳಿತಾಯದಲ್ಲಿ ಅರ್ಧ ದುಡ್ಡನ್ನು ಠೇವಣಿ ಮಾಡಿ ಬ್ಯಾಂಕಿನಲ್ಲೇ ಇಡಬೇಕಂತೆ. ಒಬ್ಬಳ ಗಂಡನ ಬೆಳೆಸಾಲ ಬಾಕಿ ಇದೆ, ಅವಳನ್ನು ಸಂಘದಿಂದ ಕೈಬಿಡಬೇಕಂತೆ. ಮತ್ತೆ ಹನ್ನೆರಡೂ ಜನರ ಗಂಡಂದಿರನ್ನು ಕರೆತಂದು ಸಹಿ ಹಾಕಿಸಬೇಕಂತೆ. ನಮ್ಮಲ್ಲಿ ಇಬ್ಬರಿಗೆ ಗಂಡ ಇಲ್ಲ. ಹಾಗಾದರೆ ಮಗನನ್ನೋ ಮೈದುನನನ್ನೋ ಕರೆದುಕೊಂಡು ಬನ್ನಿ ಅಂದರು.

ನಾವು ಸುಮ್ನೆ ಬಂದವರಲ್ಲ. ಸಂಘಗಳ ಒಕ್ಕೂಟದ ತರಬೇತಿಯಲ್ಲಿ ಕೊಟ್ಟ ಹಾಳೆ ನನ್ನ ಚೀಲದಲ್ಲೇ ಇತ್ತು. ಸಂಘಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು, ಉಳಿತಾಯ ಖಾತೆಯನ್ನು ಹಿಡಿದಿಡಬಾರದು, ಠೇವಣಿಗೆ ಒತ್ತಾಯ ಮಾಡಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಮನೆಯವರೊಬ್ಬರ ಬಾಕಿಗಾಗಿ ಇಡೀ ಸಂಘದ ಸಾಲ ನಿಲ್ಲಿಸಬಾರದು ಅಂತಲೂ ಹೇಳಿದೆ. ಹಾಳೆ ತೋರಿಸಿದರೆ "ಇದೆಲ್ಲ ನಮಗೆ ಹೇಳಿಕೊಡಬೇಡಿ" ಅಂದರು.

ನಮ್ಮ ಹೆಸರಿನಲ್ಲಿ ದೇಶವೇ ಸಾಲ ಮಾಡಿದೆ. ಹಳ್ಳಿ ಹೆಣ್ಣುಮಕ್ಕಳ ಸಂಘ ಕಟ್ಟುವ ಸ್ವಶಕ್ತಿ ಯೋಜನೆಗೆ ವಿಶ್ವಬ್ಯಾಂಕ್ ದುಡ್ಡು ಬಂತು. 2011ರಲ್ಲಿ ಗ್ರಾಮೀಣ ಜೀವನೋಪಾಯಕ್ಕೆ, ಅಂದರೆ ಇಂಥ ಮಹಿಳಾ ಸಂಘಗಳನ್ನು ಕಟ್ಟುವುದಕ್ಕೆ, ಅದೇ ವಿಶ್ವಬ್ಯಾಂಕ್ 100 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದರಲ್ಲಿ ಕರ್ನಾಟಕವೂ ಇತ್ತು. ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ ತಂದ ದುಡ್ಡು ಅದು. ಅದನ್ನು ತೀರಿಸುವುದು ನಾವೆಲ್ಲ ಕಟ್ಟುವ ತೆರಿಗೆಯಿಂದಲೇ ಅಲ್ವಾ? ಇಷ್ಟೆಲ್ಲ ಆಗಿ ನಮ್ಮ ಊರಿನ ಕೌಂಟರಿನಲ್ಲಿ ಇವತ್ತಿಗೂ ಕೇಳುವುದು "ಯಜಮಾನರು ಬಂದಿಲ್ವಾ?" ಅಂತಲೇ.

ಬ್ಯಾಂಕು ಹೀಗೆ ಓಡಾಡಿಸಿದ್ದಕ್ಕೇ ನಮ್ಮ ಒಬ್ಬ ಸದಸ್ಯೆ ಮೈಕ್ರೋಫೈನಾನ್ಸಿನವರ ಹತ್ತಿರ 40 ಸಾವಿರ ತೆಗೆದುಕೊಂಡಳು. ಅವರು ಎರಡೇ ದಿನಕ್ಕೆ ಮನೆ ಬಾಗಿಲಿಗೆ ತಂದುಕೊಟ್ಟರು. ಸಂಘಕ್ಕೆ 3 ಲಕ್ಷದವರೆಗೆ ಶೇ 7ರ ಬಡ್ಡಿಯಲ್ಲಿ ಸಾಲ ಕೊಡಬೇಕು ಅಂತಿದೆ. ಅವಳು ಕಟ್ಟುತ್ತಿರುವುದು ಅದರ ಮೂರರಷ್ಟಕ್ಕಿಂತ ಜಾಸ್ತಿ. ಕಂತು ತಡವಾದರೆ ಬಾಗಿಲಲ್ಲೇ ಕೂರುತ್ತಾರೆ. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂತ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಬ್ಯಾಂಕು ನೆಟ್ಟಗೆ ಕೊಟ್ಟಿದ್ದರೆ ಅವಳು ಅವರ ಹತ್ತಿರ ಯಾಕೆ ಹೋಗುತ್ತಿದ್ದಳು?

ಇದು ಒಂದು ಬ್ಯಾಂಕಿನ ಕಥೆಯೂ ಅಲ್ಲ. ಹೋದ ವರ್ಷ ಪಕ್ಕದ ಮನೆಯವರ ಗೃಹಲಕ್ಷ್ಮಿಯ 2 ಸಾವಿರವನ್ನು ಹಳೇ ಸಾಲಕ್ಕೆ ಹಿಡಿದುಕೊಂಡರು. ನಮ್ಮತ್ತೆಯ ವಿಧವಾ ವೇತನ ನಾಲ್ಕು ತಿಂಗಳು ನಿಂತಾಗ "ನೀವು ಬದುಕಿದ್ದೀರಿ ಅಂತ ಬರೆಸಿಕೊಂಡು ಬನ್ನಿ" ಅಂದರು, ಎದುರಿಗೆ ನಿಂತವರಿಗೆ. ಪಂಚಾಯಿತಿಯಲ್ಲಿ ಮಹಿಳಾ ಸದಸ್ಯರ ಕುರ್ಚಿ ಮೇಲೆ ಅವರ ಗಂಡ ಕೂತಿರುತ್ತಾರೆ, ಯಾವ ಅಧಿಕಾರಿಯೂ ಎಬ್ಬಿಸುವುದಿಲ್ಲ.

ಜಿಲ್ಲೆಯ ಬ್ಯಾಂಕುಗಳ ಸಾಲದ ಕೆಲಸ ನೋಡಿಕೊಳ್ಳುವ ಲೀಡ್ ಬ್ಯಾಂಕಿನವರು ಬಂದು ವಿಚಾರಿಸಲಿ. ಇಲ್ಲವೇ ಜಿಲ್ಲಾ ಪಂಚಾಯಿತಿ ಸಿಇಒ ಬರಲಿ. ಸಾಲ ಕೊಡುವುದಾದರೆ ಕೊಡಿ, ಕೊಡುವುದಿಲ್ಲ ಅಂದರೆ ಕಾರಣವನ್ನು ಬರೆದು ಸಹಿ ಹಾಕಿಕೊಡಿ. ಇನ್ನೊಬ್ಬರ ಲೆಕ್ಕದ ಪುಸ್ತಕದ ಮೇಲೆ ಟೀ ಲೋಟ ಇಡಬಾರದು ಅನ್ನುವುದಾದರೂ ಆ ಅಧಿಕಾರಿಗೆ ಯಾರಾದರೂ ಹೇಳಿ. ಮುಂದಿನ ಮೇಳಕ್ಕೆ ಚೆಕ್ ಹಿಡಿಯುವುದಕ್ಕೆ ನಾವು ಬರುವುದಿಲ್ಲ.

ಇಂತಿ,
ಸ್ವಸಹಾಯ ಸಂಘದ ಪ್ರತಿನಿಧಿ