ಮಗಳಿಗೊಂದು ಪತ್ರ: ಅರ್ಧ ಆಗಿರೋ ವಿಮಾನಾನೂ ತೋರ್ಸು

ಪುಟ್ಟಿ,

ನಿನ್ನೆ ಫೋನಲ್ಲಿ "ಇನ್ಮೇಲೆ ಮಾಡೆಲ್ ವಿಮಾನ ಪೂರ್ತಿ ಮುಗಿದ ಮೇಲೇನೇ ಗ್ರೂಪಿಗೆ ಫೋಟೋ ಹಾಕ್ತೀನಿ, ಮಧ್ಯದಲ್ಲಿ ಯಾರಿಗೂ ತೋರ್ಸಲ್ಲ" ಅಂದ್ಯಲ್ಲ, ಅದು ಆಗ್ಲಿಂದ ನನ್ನ ತಲೇಲಿ ಕೊರೀತಾನೇ ಇದೆ. ಫೋನಲ್ಲೇ ಹೇಳೋಣ ಅಂದ್ರೆ ನೀನು ಹ್ಞೂಂ ಹ್ಞೂಂ ಅಂದು ಇಟ್ಬಿಡ್ತೀಯ, ಅಲ್ದೆ ಇಲ್ಲಿ ಕಕ್ಕಡ ತಿಂಗಳ ಮಳೆಗೆ ಕರೆಂಟೂ ಹೋಗಿದೆ ಟವರೂ ಹೋಗಿದೆ, ಅದಕ್ಕೆ ಕಿಟಕಿ ಹತ್ರ ಬೆಳಕಲ್ಲಿ ಕೂತು ಬರೀತಿದೀನಿ. ಉದ್ದ ಆಗುತ್ತೆ, ಆದ್ರೂ ಓದು.

ಕುಶಾಲನಗರದ ಅಂಕಲ್ ಗ್ರೂಪಲ್ಲಿ ಎಲ್ಲರ ಎದುರಿಗೆ "ಇದು ನಮ್ಮ ಏರ್‌ಫೋರ್ಸಿನ ನ್ಯಾಟ್ ಫೈಟರ್ ಅಲ್ಲಮ್ಮ" ಅಂದಿದ್ದು ನಿಂಗೆ ನೋವಾಗಿದೆ, ನಂಗೊತ್ತು. ಕಷ್ಟಪಟ್ಟು ಕಾಕ್‌ಪಿಟ್ ಪೇಂಟ್ ಮಾಡಿ, ಬಾಡಿಯ ಎರಡು ಭಾಗ ಅಂಟಿಸಿ, ರೆಕ್ಕೆ ಕೂರಿಸಿ ಖುಷಿಯಾಗಿ ಫೋಟೋ ಕಳ್ಸಿದಾಗ ಮೊದಲ ಮಾತೇ ಹಾಗೆ ಬಂದ್ರೆ ಯಾರಿಗೂ ಚೆನ್ನಾಗಿರಲ್ಲ. ಆದ್ರೆ ಪುಟ್ಟಿ, ಅವರು ಏರ್‌ಫೋರ್ಸಲ್ಲಿದ್ದಾಗ ಅಜೀತ್ ಮೇಲೆ ಕೈಯಾರೆ ಕೆಲಸ ಮಾಡಿದವರು. ಅಜೀತ್ ಅಂದ್ರೆ ನ್ಯಾಟನ್ನೇ ನಮ್ಮ ಬೆಂಗಳೂರಿನ ಎಚ್‌ಎಎಲ್‌ನವರು ಸುಧಾರಿಸಿ ಮಾಡಿದ ವಿಮಾನ, ರೆಕ್ಕೆ ಒಳಗೇ ಇಂಧನದ ಟ್ಯಾಂಕ್ ಮಾಡಿದ್ರು, 1991ರ ತನಕ ಹಾರ್ತಿತ್ತು. ಅಂಥ ಕೈ ನಿನ್ನ ಫೋಟೋನ ಝೂಮ್ ಮಾಡಿ ನೋಡಿದೆ, ಅದು ನಂಗೆ ದೊಡ್ಡ ವಿಷಯ.

ಅವರು ಹೇಳಿದ್ದು ಏನು ಅಂತ ಸಿಟ್ಟು ಬಿಟ್ಟು ಒಂದ್ಸಲ ನೋಡು. ನಿನ್ನ ಹತ್ರ ಇರೋ ಏರ್‌ಫಿಕ್ಸ್ ಕಿಟ್ ನ್ಯಾಟ್ ಟಿ.1, ಎರಡು ಸೀಟಿನ ಟ್ರೇನರ್, ಇಂಗ್ಲೆಂಡಿನ ಏರ್‌ಫೋರ್ಸಿನ ಕಸರತ್ತು ತಂಡ ರೆಡ್ ಆರೋಸ್ 1965ರಿಂದ 1979ರವರೆಗೆ ಹಾರಿಸಿದ ಕೆಂಪು ವಿಮಾನ. ನಮ್ಮವರು ಯುದ್ಧದಲ್ಲಿ ಹಾರಿಸಿದ್ದು ಒಂದೇ ಸೀಟಿನದು. ಅದರ ಹಿಂದೆ ಇನ್ನೊಂದು ಸೀಟು ಸೇರಿಸಿದ್ದು ಅಷ್ಟೇ ವ್ಯತ್ಯಾಸ ಅಲ್ಲ, ಟ್ರೇನರ್‌ದು ಬಾಡಿನೂ ಉದ್ದ ರೆಕ್ಕೆನೂ ದೊಡ್ಡದು, ಒಂದು ಸೀಟಿನದಕ್ಕೆ ರೆಕ್ಕೆ ತುದಿಯಿಂದ ತುದಿಗೆ ಸುಮಾರು 22 ಅಡಿ, ಟ್ರೇನರ್‌ಗೆ 24 ಅಡಿ. 1/72 ಸ್ಕೇಲಲ್ಲಿ ಒಂದು ಇಂಚು ಅಂದ್ರೆ ಆರು ಅಡಿ ಅಲ್ವಾ, ಅಂದ್ರೆ ನಿನ್ನ ಟೇಬಲ್ ಮೇಲೆ ಆ ವ್ಯತ್ಯಾಸ ಬರೀ ಎಂಟೂವರೆ ಮಿಲಿಮೀಟರ್, ಅಷ್ಟನ್ನ ಒಂದು ಫೋನ್ ಫೋಟೋದಲ್ಲಿ ಆ ಮನುಷ್ಯ ಕಂಡುಹಿಡಿದ್ರು! ಮೂಗಿನ ಆಕಾರ ನೋಡಿನೂ ಗೊತ್ತಾಗಿರಬಹುದು, ಇರ್ಲಿ. ನೀನು ಅದಕ್ಕೆ ಕೇಸರಿ ಬಿಳಿ ಹಸಿರು ರೌಂಡೆಲ್, ಅಂದ್ರೆ ನಮ್ಮ ಏರ್‌ಫೋರ್ಸಿನ ದುಂಡು ಗುರುತಿನ ಡೆಕಾಲ್ ಸ್ಟಿಕ್ಕರ್ ಹಚ್ಚಿ, ವಾರ್ನಿಶ್ ಹೊಡೆದು ಮುಗಿಸಿ ಆಮೇಲೆ ತೋರಿಸಿದ್ದಿದ್ರೆ ಅವರು ಏನೂ ಹೇಳ್ತಿರ್ಲಿಲ್ಲ, "ಚೆನ್ನಾಗಿದೆ" ಅಂದು ಸುಮ್ನಾಗ್ತಿದ್ರು, ಯಾಕಂದ್ರೆ ಆಮೇಲೆ ಹೇಳಿ ಏನು ಪ್ರಯೋಜನ. ಪೇಂಟ್ ಬೀಳೋಕೆ ಮುಂಚೆ ನೀನು ತೋರಿಸಿದ್ದಕ್ಕೇ ಅವರು ಬಾಯಿಬಿಟ್ಟಿದ್ದು.

ಆ ಕಿಟ್ ಹಾಳಾಗಿಲ್ಲ, ಬಿಸಾಕ್ಬೇಡ. ಕೆಂಪು ಮಾಡು. ಹೊಳೆಯೋ ಕೆಂಪು ಬಣ್ಣ ಸರಿಯಾಗಿ ಕೂರಿಸೋದು ಎಲ್ಲಾದಕ್ಕಿಂತ ಕಷ್ಟದ ಪಾಠಗಳಲ್ಲಿ ಒಂದು, ಕೆಳಗೆ ಬಿಳಿ ಪ್ರೈಮರ್ ಹಾಕು, ಗ್ರೇ ಮೇಲೆ ಹೊಡೆದ್ರೆ ಕೆಂಪು ಮಂಕಾಗುತ್ತೆ. ನಮ್ಮ ಒಂದು ಸೀಟಿನ ನ್ಯಾಟ್ ಆಮೇಲೆ ಇಬ್ರೂ ಸೇರಿ ಮಾಡೋಣ. 1965ರ ಸೆಪ್ಟೆಂಬರ್ 3ಕ್ಕೆ ಟ್ರೆವರ್ ಕೀಲರ್ ಅದರಲ್ಲಿ ಕೂತು ಪಾಕಿಸ್ತಾನದ ಸೇಬರ್ ಜೆಟ್‌ಗೆ ಹೊಡೆದಿದ್ದಕ್ಕೆ ವೀರ ಚಕ್ರ ಬಂತು, ಸೆಪ್ಟೆಂಬರ್ 3 ನಮಗೆ ಕೈಲ್‌ಪೊದ್ದ್ ಅಲ್ವಾ, ಹಬ್ಬಕ್ಕೆ ಬಂದಾಗ ಶುರು ಮಾಡೋಣ.

ಈಗ ನನ್ನ ಟೇಬಲ್ ಮೇಲೆ ಏನಿದೆ ಅಂತ ಹೇಳ್ತೀನಿ, ಇದೂ ಅದೇ ವಿಷಯಕ್ಕೇ ಬರುತ್ತೆ. ಮಿಸ್ಟೇರ್ 4ಎ ಮಾಡ್ತಿದೀನಿ, ಫ್ರಾನ್ಸಿನ ಡಸ್ಸೋ ಕಂಪನಿದು, ನಮ್ಮ ದೇವಯ್ಯನವರು ಹಾರಿಸಿದ ಮಾದರಿ. ಮಡಿಕೇರಿ ಸರ್ಕಲ್‌ನಲ್ಲಿ ಅವರ ಪ್ರತಿಮೆ ಮುಂದೆ ಎಷ್ಟು ಸಲ ಬಸ್ಸಿಗೆ ಕಾದಿದೀಯ, ಕತೆ ಪೂರ್ತಿ ಗೊತ್ತಿದೆಯೋ ಇಲ್ವೋ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ನಂಬರ್ 1 ಸ್ಕ್ವಾಡ್ರನ್. 1965ರ ಸೆಪ್ಟೆಂಬರ್ 7ಕ್ಕೆ ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರಗೋಧಾ ಏರ್‌ಬೇಸ್ ಮೇಲೆ ದಾಳಿಗೆ ಹೋದ ಗುಂಪಲ್ಲಿ ಅವರು ಸ್ಟ್ಯಾಂಡ್‌ಬೈ ಆಗಿದ್ದವರು, ಆದ್ರೂ ಜೊತೆ ಸೇರಿ ಹೋದ್ರು. ವಾಪಸ್ ಬರುವಾಗ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದು ಶಬ್ದದ ಎರಡು ಪಟ್ಟು ವೇಗದ ವಿಮಾನ, ನಮ್ಮ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗಾನೂ ಮುಟ್ಟಲ್ಲ, ಡೈವ್ ಹೊಡೆದ್ರೆ ಮಾತ್ರ. ಏಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದು ಆ ಸ್ಟಾರ್‌ಫೈಟರನ್ನ ಕೆಡವಿದ್ರು. ಆ ಕಡೆ ಪೈಲಟ್ ಹಾರಿ ಬದುಕಿಕೊಂಡ್ರು, ದೇವಯ್ಯ ಬರ್ಲೇ ಇಲ್ಲ.

ಮತ್ತೆ ಅದು ನಮ್ಮ ಕಡೆ ಯಾರಿಗೂ ಗೊತ್ತಾಗ್ಲಿಲ್ಲ ಪುಟ್ಟಿ. ಜೊತೆಗೆ ಹೋದವರು ಯಾರೂ ಕಣ್ಣಾರೆ ನೋಡಿರ್ಲಿಲ್ಲ, ಹೇಳಬೇಕಾದವರು ಇರ್ಲಿಲ್ಲ. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ಕಡೆಯ ವಿವರ ಇಟ್ಕೊಂಡು ಬರೆದಾಗ ಆ ಸ್ಟಾರ್‌ಫೈಟರ್ ಬಿದ್ದಿದ್ದು ಒಂದು ಮಿಸ್ಟೇರ್‌ನಿಂದ ಅಂತ ಬಂತು, ಆಮೇಲೆ ಇಲ್ಲಿನವರು ಎರಡೂ ಕಡೆದು ಪಕ್ಕಪಕ್ಕ ಇಟ್ಟು ನೋಡಿದ್ರು, ಕೊನೆಗೆ 1988ರಲ್ಲಿ ಮಹಾವೀರ ಚಕ್ರ. 23 ವರ್ಷ! ವಿಮಾನದ ನಂಬರು, ದಿನ, ಗಂಟೆ, ಯಾರ ಹಿಂದೆ ಯಾರಿದ್ರು ಅಂತ ಸಣ್ಣಸಣ್ಣದಕ್ಕೆಲ್ಲ ಬೆನ್ನು ಹತ್ತೋ ಜನರನ್ನ ಕಂಡ್ರೆ ನಂಗೆ ಅಷ್ಟೊಂದು ಗೌರವ ಯಾಕೆ ಅಂದ್ರೆ ಇದಕ್ಕೇ. ನಮ್ಮ ಅಂಕಲ್ ಅದೇ ಥರದವರು.

ಸ್ಕೇಲಲ್ಲಿ ಮಿಸ್ಟೇರ್ 17.8 ಸೆಂಟಿಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 15.4. ಪಕ್ಕದಲ್ಲಿಡೋಕೆ ಸ್ಟಾರ್‌ಫೈಟರೂ ಮಾಡ್ಬೇಕು ಅಂತಿದೆ, ಅದು 23 ಸೆಂಟಿಮೀಟರ್ ಉದ್ದ ಇದ್ದು ರೆಕ್ಕೆ ಬರೀ 9 ಚಿಲ್ಲರೆ, ಎರಡನ್ನೂ ಒಂದೇ ಹಲಗೆ ಮೇಲಿಟ್ರೆ ಮಾತೇ ಬೇಡ, ನೋಡಿದವರಿಗೆ ತಾನಾಗೇ ಅರ್ಥ ಆಗುತ್ತೆ ಯಾರು ಯಾರನ್ನ ಎದುರಿಸಿದ್ರು ಅಂತ.

ಮಿಸ್ಟೇರ್ ಮೂಗಿನ ಕೆಳಗೆ ಎರಡು 30 ಮಿಲಿಮೀಟರ್ ಗನ್. 72ರಿಂದ ಭಾಗಿಸಿದ್ರೆ ಅರ್ಧ ಮಿಲಿಮೀಟರೂ ಬರಲ್ಲ, ಕಿಟ್‌ನಲ್ಲಿ ಅದನ್ನ ಬರೀ ಗುಂಡಿ ತರ ಬಿಟ್ಟಿದ್ರು. ಇಂಜೆಕ್ಷನ್ ಸೂಜಿ ಕತ್ತರಿಸಿ ಇಡಿ ಅಂತ ಹೇಳಿದ್ದು ಗ್ರೂಪಲ್ಲಿರೋ ಮಂಗಳೂರಿನ ಹುಡುಗ, ಡೆಂಟಲ್ ಓದ್ತಿದಾನಲ್ಲ ಅವನು, ಮೂಗಿನ ಫೋಟೋ ಹಾಕಿದ್ದಕ್ಕೇ ಹೇಳಿದ. ಮುಂದೆ ಭಾರ ಇಡದಿದ್ರೆ ವಿಮಾನ ಬಾಲದ ಮೇಲೆ ಕೂತ್ಕೊಳ್ಳುತ್ತೆ, ಆದ್ರೆ ಮಿಸ್ಟೇರ್‌ಗೆ ಮೂಗೇ ಗಾಳಿ ಎಳ್ಕೊಳೋ ಬಾಯಿ, ಭಾರ ಇಡೋಕೆ ಜಾಗ ಎಲ್ಲಿ? ಗಾಳಕ್ಕೆ ಕಟ್ಟೋ ಸೀಸದ ಗುಂಡನ್ನ ಚಪ್ಪಟೆ ಮಾಡಿ ಕಾಕ್‌ಪಿಟ್ ಕೆಳಗೆ ತುರುಕಿದೀನಿ, ಅದು ಅಪ್ಪನ ಐಡಿಯಾ, ಅಪ್ಪನ ಡಬ್ಬಿಯಿಂದಲೇ ತಗೊಂಡಿದ್ದು.

ಬಣ್ಣದ್ದೇ ಈಗಿನ ಚಿಂತೆ. ಯುದ್ಧಕ್ಕೆ ಮುಂಚಿನ ಬರೀ ಲೋಹದ ಮೈ ಮಾಡ್ತಿದೀನಿ. ಮೊದಲು ಹೊಳೆಯೋ ಕಪ್ಪು ಕೋಟ್, ಅದು ಕನ್ನಡಿ ತರ ಬರ್ಬೇಕು, ಅದರ ಮೇಲೆ ಅಲ್ಯೂಮಿನಿಯಂ ತೆಳ್ಳಗೆ, ಹೊಗೆ ಬರೋ ಹಿಂಭಾಗದ ಹತ್ರ ಸ್ವಲ್ಪ ಸುಟ್ಟ ಲೋಹದ ಛಾಯೆ. ಕಪ್ಪು ಕೋಟ್ ಹಾಕಿದ ಕೂಡಲೇ ಕೆಳಗಿರೋ ಒಂದೊಂದು ಗೀರೂ ಎದ್ದು ಕಾಣುತ್ತೆ, ಕಣ್ಣಿಗೆ ಕಾಣದಿದ್ದ ಜಾಯಿಂಟೂ ಕಾಣುತ್ತೆ. ಅದಕ್ಕೇ ನಾನು ಸಂದಿಗೆ ಫಿಲ್ಲರ್ ತುಂಬಿ 400, 800, 2000 ಅಂತ ಎಮರಿ ಪೇಪರ್ ಉಜ್ಜಿದ ಮೇಲೆ ಪ್ರತಿ ಸಲ ಫೋಟೋ ಹಾಕೋದು. ನಮ್ಮ ಕಣ್ಣು ಒಂದೇ ಕಡೆ ದಿನಾ ನೋಡಿ ನೋಡಿ ಸೋತಿರುತ್ತೆ, ಹೊಸ ಕಣ್ಣಿಗೆ ಥಟ್ಟಂತ ಸಿಗುತ್ತೆ.

ಇನ್ನು ನಮ್ಮ ಮಳೆ. ತೇವ ಅಳೆಯೋ ಮೀಟರ್ ಮನೆ ಒಳಗಡೆನೇ 90 ಪರ್ಸೆಂಟ್ ಮೇಲೆ ತೋರಿಸ್ತಿದೆ. ಇಂಥ ತೇವದಲ್ಲಿ ಲ್ಯಾಕರ್ ಪೇಂಟ್ ಹೊಡೆದ್ರೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತೆ. ಕಾರಣ ಏನಪ್ಪಾ ಅಂದ್ರೆ ತಿನ್ನರ್ ಬೇಗ ಆವಿ ಆಗ್ತಾ ಮೇಲ್ಮೈ ತಣ್ಣಗೆ ಮಾಡುತ್ತೆ, ಆ ತಣ್ಣನೆ ಜಾಗಕ್ಕೆ ಗಾಳಿಲಿರೋ ನೀರು ಬಂದು ಕೂತು ಪೇಂಟ್ ಒಳಗೇ ಸಿಕ್ಕಿಹಾಕೊಳ್ಳುತ್ತೆ. ನಿಧಾನ ಆವಿ ಆಗೋ ರಿಟಾರ್ಡರ್ ಬೆರೆಸಬಹುದು, ಇಲ್ಲ ಬಿಸಿಲಿಗೆ ಕಾಯಬಹುದು. ನಾನು ರಟ್ಟಿನ ಪೆಟ್ಟಿಗೆಲಿ ಬಲ್ಬ್ ಹಾಕಿ ಬೆಚ್ಚಗಿಡ್ತೀನಿ, ಕರೆಂಟೇ ಇಲ್ದಿದ್ರೆ ಆ ಬಲ್ಬಿಗೂ ರಜಾ, ಹಾಗಾಗಿ ಮಳೆ ಮುಗಿಯೋವರೆಗೂ ಉಜ್ಜೋ ಕೆಲಸ ಮಾತ್ರ, ಅದಕ್ಕೆ ಹಗಲು ಬೆಳಕೇ ಸಾಕು. ಡೆಕಾಲ್ ಶೀಟೆಲ್ಲ ಸಿಲಿಕಾ ಜೆಲ್ ಜೊತೆ ಟೈಟ್ ಡಬ್ಬಿಗೆ ಹಾಕಿದೀನಿ, ಇಲ್ಲಾಂದ್ರೆ ಬೂಸ್ಟು ಬಂದು ಹಾಳಾಗ್ಬಿಡುತ್ತೆ. ನಿಮ್ಮ ಮೈಸೂರಲ್ಲಿ ಇಷ್ಟು ಕಷ್ಟ ಇಲ್ಲ, ಅದೃಷ್ಟವಂತೆ ನೀನು.

ಇನ್ನು ಫೋಟೋ ಹಾಕೋ ರೀತಿ. ಫ್ಲಾಶ್ ಹಾಕಿ ಎದುರಿಂದ ತೆಗೀಬೇಡ, ಫ್ಲಾಶಲ್ಲಿ ಎಲ್ಲಾ ತಪ್ಪೂ ಮುಚ್ಚಿಹೋಗುತ್ತೆ. ಟಾರ್ಚನ್ನ ಪಕ್ಕದಿಂದ, ಮೈಗೆ ಒರೆಸಿದ ಹಾಗೆ ಹಿಡಿ, ಜಾಯಿಂಟಿನ ನೆರಳು ಬೀಳಲಿ. ಜೊತೆಗೆ ಬರೀ "ಹೇಗಿದೆ" ಅಂತ ಕೇಳ್ಬೇಡ, ಹಾಗೆ ಕೇಳಿದ್ರೆ "ಸೂಪರ್" ಅಂತಾರೆ ಮುಗೀತು, "ರೆಕ್ಕೆ ಬುಡದ ಸಂದು ಇನ್ನೂ ತುಂಬಬೇಕಾ, ಇಷ್ಟೇ ಸಾಕಾ" ಅಂತ ಜಾಗ ತೋರಿಸಿ ಕೇಳು. ಯಾರಾದ್ರೂ ಅಳತೆ ತಪ್ಪಿದೆ ಅಂದ್ರೆ ಎಲ್ಲಿ ನೋಡಿದ್ದು ಅಂತನೂ ಕೇಳು, ಅದು ನಿನ್ನ ಹಕ್ಕು. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂಗೆ ಹೋಗು, ಅಲ್ಲಿ ಅವರೇ ಮಾಡಿದ ಮಾರುತ್ ಫೈಟರ್ ನಿಂತಿದೆ, ಚಕ್ರದ ಗೂಡು, ಬಾಗಿಲ ಒಳಭಾಗ, ಹೊಟ್ಟೆ ಕೆಳಗೆ ಎಲ್ಲಾ ಫೋಟೋ ತಗೊಂಡು ಬಾ, ಯಾರೂ ತೆಗೆಯದ ಕಡೆಯಿಂದ ತಗೋ. ಅದನ್ನ ಗ್ರೂಪಿಗೆ ಕೊಟ್ರೆ ಮಾರುತ್ ಮಾಡ್ತಿರೋ ಎಷ್ಟು ಜನಕ್ಕೆ ಸಹಾಯ. ಆಗ ಅವರೇ ನಿನ್ನನ್ನ ಕೇಳ್ಕೊಂಡು ಬರ್ತಾರೆ.

ಮತ್ತೆ ಒಂದು ಮಾತು, ಇದು ಅಮ್ಮನಾಗಿ. ಒರಟಾಗಿ ಮಾತಾಡೋರೂ ಇರ್ತಾರೆ, ಹುಡುಗಿ ಅಂತ ಸಸಾರ ಮಾಡೋರೂ ಇರ್ತಾರೆ, ಅಂಥವರಿಗೆ ನೀನು ಉತ್ತರ ಕೊಡೋ ಅಗತ್ಯ ಇಲ್ಲ, ಬಿಟ್ಟಾಕು. ಅಂಕಲ್ ಅಂಥವರಲ್ಲ. ನೀನು ಎರಡು ದಿನ ಏನೂ ಬರೀಲಿಲ್ಲ ಅಂತ ನಂಗೆ ಫೋನ್ ಮಾಡಿ "ಮಗು ಬೇಜಾರು ಮಾಡ್ಕೊಂಡ್ಲಾ, ಅವಳ ಕಾಕ್‌ಪಿಟ್ ಕೆಲಸ ಬಹಳ ಚೊಕ್ಕ ಇತ್ತು, ಅದನ್ನ ಮೊದಲು ಹೇಳ್ಬೇಕಿತ್ತು" ಅಂದ್ರು. ಒಂದು ಸೀಟಿನ ನ್ಯಾಟ್‌ನ ಹಳೇ ಫೋಟೋಗಳು ಅವರ ಹತ್ರ ಇವೆಯಂತೆ, ಹಬ್ಬಕ್ಕೆ ಬಂದಾಗ ಕೊಡ್ತಾರಂತೆ.

ಪಾರ್ಸೆಲ್ಲಲ್ಲಿ ಎಮರಿ ಪೇಪರ್, ಬಿಳಿ ಪ್ರೈಮರ್, ಮಾಸ್ಕಿಂಗ್ ಟೇಪ್, ಎರಡು ಹೊಸ ಬ್ಲೇಡ್ ಇಟ್ಟಿದೀನಿ, ಜೊತೆಗೆ ಕಾಫಿಪುಡಿ. ಹಾಸ್ಟೆಲ್ ರೂಮೊಳಗೆ ಸ್ಪ್ರೇ ಮಾಡ್ಬೇಡ, ಟೆರೇಸಿಗೆ ಹೋಗು, ಮಾಸ್ಕ್ ಹಾಕ್ಕೋ, ರೂಮ್‌ಮೇಟ್‌ಗೂ ವಾಸನೆ ಆಗುತ್ತೆ. ಪ್ರೈಮರ್ ಹೊಡೆಯೋಕೆ ಮುಂಚೆ ರೆಕ್ಕೆ ಬುಡದ ಫೋಟೋ ಗ್ರೂಪಿಗೆ ಹಾಕು, ಕರೆಂಟ್ ಬಂದ ಕೂಡಲೇ ನಾನು ನೋಡ್ತೀನಿ.

ಅಮ್ಮ